ಎಮಿಲ್‌ನ ಅರ್ಧ ಮಾತು

ಎಮಿಲ್ ವ್ರಾಬೆಲ್ ಮಣ್ಣಾದ ಮರುದಿನ ಬೆಳಿಗ್ಗೆ ಕೊರಿನ್ ಹುಡಾಕ್ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಕಾಫಿ ಬಗ್ಗಿಸಿಕೊಳ್ಳುತ್ತಿದ್ದಳು. ಗಲ್ಲಾದ ಹಿಂದಿನ ರೇಡಿಯೊದಲ್ಲಿ ಅವನೇ ಮಾತಾಡಿದ.

"ಆಸ್ಪತ್ರೆ ಮುಚ್ಚೋದೇ ಸರಿ."

ಗಾಜಿನ ಕಾರ್ಖಾನೆಯ ಕುಲುಮೆಯ ಮುಂದೆ ಕೂಗಿ ಕೂಗಿ ಒಡೆದುಹೋದ ಅದೇ ಗಂಟಲು. ಬೆನ್ನಿಗೇ ಒಬ್ಬ ಹೆಂಗಸಿನ ತಣ್ಣನೆಯ ದನಿ: "ಎಮಿಲ್ ವ್ರಾಬೆಲ್. ನಿಮ್ಮ ಕಷ್ಟಕ್ಕೆ ಆಗದ ಮನುಷ್ಯ."

ಕಾಫಿ ತುಂಬಿ ಕೈಮೇಲೆ ಹರಿದದ್ದು ಕೊರಿನ್‌ಗೆ ತಡವಾಗಿ ತಿಳಿಯಿತು.

ಪೆನ್ಸಿಲ್ವೇನಿಯಾದ ಆ ನದಿ ಕಣಿವೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ, ಅಂದರೆ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ, ಗೆದ್ದವರೇ ಶಾಸನಸಭೆಗೆ ಹೋಗುವುದು. ನವೆಂಬರಿನ ಚುನಾವಣೆ ಬರೀ ಶಾಸ್ತ್ರ. ಈ ಸಲ ಆ ಟಿಕೆಟ್ಟಿಗೆ ಎಮಿಲ್ ಮತ್ತು ಕೊರಿನ್ ಎದುರುಬದುರಾಗಿದ್ದರು. ಕಾರ್ಖಾನೆಯ ಮುಷ್ಕರದಲ್ಲಿ ಒಂದೇ ಬೆಂಕಿಗೆ ಕೈ ಕಾಯಿಸಿಕೊಂಡವರು ಅವರು. ತಮ್ಮದೇ ದುಡ್ಡಿನಲ್ಲಿ ಜಾಹೀರಾತು ಹಾಕಿಸುವ ಹೊರಗಿನ ಗುಂಪುಗಳು ಅವನ ಪರವಾಗಿ ಒಂದು, ಅವಳ ಪರವಾಗಿ ಒಂದು ಬಂದಿಳಿದ ಮೇಲೆ ಎಲ್ಲ ಕೆಟ್ಟಿತು. ಮೊದಲು ಅವಳ ತಮ್ಮನ ಜೈಲಿನ ಫೋಟೊ ಇದ್ದ ಕರಪತ್ರ ಮನೆಮನೆಯ ಅಂಚೆಪೆಟ್ಟಿಗೆಗೆ ಬಿತ್ತು. ಚರ್ಚಿನ ಅಡುಗೆಮನೆಯಲ್ಲಿ ಕೊರಿನ್ ಎಮಿಲ್‌ನನ್ನು ತಡೆದು ನಿಲ್ಲಿಸಿ ಕೇಳಿದ್ದಳು.

"ನಾನು ಹಾಕಿಸಿದ್ದಲ್ಲ, ಕೊರಿನ್."

"ಹಾಗಾದ್ರೆ ನಿಲ್ಸು."

"ಅವರ ಜೊತೆ ನಾನು ಮಾತಾಡೋ ಹಾಗೇ ಇಲ್ಲ. ಕಾನೂನು ಹಾಗಿದೆ."

ಅವಳು ನಂಬಲಿಲ್ಲ. ಆಮೇಲೆ ಅವಳ ಪರದ ಗುಂಪಿನಿಂದ ರೇಡಿಯೊದಲ್ಲಿ ಅವನ ದನಿಯ ಜಾಹೀರಾತು ಬಂತು. ಅದು ಸುಳ್ಳೆಂದು ಕೊರಿನ್‌ಗೆ ಚೆನ್ನಾಗಿಯೇ ಗೊತ್ತಿತ್ತು. ಊರಿನ ಆಸ್ಪತ್ರೆ ಮುಚ್ಚುವ ಮೊದಲು ನಡೆದ ಸಭೆಯಲ್ಲಿ ಅವನು ಆ ಮಾತಾಡಿದಾಗ ಅವಳು ಅವನ ಪಕ್ಕದ ಕುರ್ಚಿಯಲ್ಲಿದ್ದಳು. ಆದರೂ ತಮ್ಮನ ಫೋಟೊ ನೆನೆದು ಬಾಯಿ ಬಿಡಲಿಲ್ಲ. ಅದೇ ವಾರ ಎಮಿಲ್ ಅಂಗಳದಲ್ಲಿ ತನ್ನ ಪ್ರಚಾರದ ಫಲಕ ನೆಡುತ್ತಿದ್ದವನು ಎದೆ ಹಿಡಿದುಕೊಂಡು ಕುಸಿದ. ಮತಪತ್ರ ಆಗಲೇ ಅಚ್ಚಾಗಿತ್ತು. ಅವನ ಹೆಸರು ಹಾಗೇ ಉಳಿಯಿತು; ಜನ ಅವನಿಗೂ ಓಟು ಹಾಕಬಹುದಿತ್ತು.

ಬಂಕಿನಿಂದ ನೇರವಾಗಿ ಕೊರಿನ್ ತನ್ನ ಪ್ರಚಾರ ನೋಡಿಕೊಳ್ಳುತ್ತಿದ್ದ ಬ್ರೆಟ್‌ನ ಬಳಿ ಹೋದಳು.

"ಅದನ್ನ ಇವತ್ತೇ ನಿಲ್ಲಿಸ್ಬೇಕು."

"ಅದು ನಮ್ಮದಲ್ಲ ಮೇಡಂ. ಆ ಗುಂಪಿನವರಿಗೆ ನಾವು ಫೋನ್ ಕೂಡ ಮಾಡೋ ಹಾಗಿಲ್ಲ. ಕಾನೂನು ಹಾಗಿದೆ."

ಎಮಿಲ್ ಹೇಳಿದ ಮಾತೇ. ಕೊರಿನ್ ಕುರ್ಚಿ ಎಳೆದು ಕೂತಳು. "ಸತ್ತವನ ಮೇಲೆ ಯಾಕಪ್ಪಾ?"

"ಸತ್ತವರಿಗೇ ಈಗ ಓಟು ಜಾಸ್ತಿ. ಕನಿಕರ ಅಲ್ವಾ."

ಅವಳು ಊರಿನ ಪತ್ರಿಕೆಗೆ ಹೇಳಿಕೆ ಕೊಟ್ಟಳು. ಒಳಪುಟದಲ್ಲಿ ನಾಲ್ಕು ಸಾಲು ಬಂತು. ರೇಡಿಯೊದ ಎಮಿಲ್ ಮಾತ್ರ ಸುಮ್ಮನಾಗಲಿಲ್ಲ. ಕ್ಷೌರದಂಗಡಿಯ ಬಾಗಿಲಲ್ಲಿ, ಸಿಗ್ನಲ್ಲಿನಲ್ಲಿ ನಿಂತ ಪಕ್ಕದ ಕಾರಿನಲ್ಲಿ, ಔಷಧಿ ಅಂಗಡಿಯ ಸಾಲಿನಲ್ಲಿ ಅವನು ಅವಳ ಹಿಂದೆಯೇ ಬಂದ. ಅರ್ಧಕ್ಕೆ ನಿಂತ ಆ ಮಾತನ್ನು ಪೂರ್ತಿ ಮಾಡು ಎಂದು ತನಗೇ ಹೇಳುತ್ತಿದ್ದಾನೆ ಅನ್ನಿಸುತ್ತಿತ್ತು ಅವಳಿಗೆ.

ಕೊನೆಗೆ ಅವನ ಮನೆಯ ಬಾಗಿಲು ತಟ್ಟಿದಳು. ಹೆಂಡತಿ ರೊಸಾಲಿ ಒಳಗೆ ಬಿಟ್ಟಳು. ಅಡುಗೆಮನೆಯ ಮೇಜಿನ ಮೇಲೆ ರೇಡಿಯೊ ಹಾಡುತ್ತಿತ್ತು. ಹಾಡು ಮುಗಿದೊಡನೆ ಆ ಜಾಹೀರಾತಿನ ಗುಡುಗಿನಂಥ ಸದ್ದು ಶುರುವಾಯಿತು. ಕೊರಿನ್ ಆರಿಸಲು ಕೈ ಚಾಚಿದಳು.

"ಮುಟ್ಬೇಡ," ಅಂದಳು ರೊಸಾಲಿ.

ಅವಳು ಗುಂಡಿ ತಿರುಗಿಸಿ ದನಿ ದೊಡ್ಡದು ಮಾಡಿದಳು. ಎಮಿಲ್ ಅಡುಗೆಮನೆ ತುಂಬ ಮಾತಾಡಿದ. ಆ ಹೆಂಗಸು ಬಾಯಿ ತೆರೆಯುವಷ್ಟರಲ್ಲಿ ರೊಸಾಲಿಯ ಬೆರಳು ದನಿಯನ್ನು ಅಡಗಿಸಿತ್ತು.

"ರೂಢಿಯಾಗಿದೆ ಈಗ. ಅವನು ಫೋನಲ್ಲೂ ಏನೂ ಉಳಿಸಿಲ್ಲ ನೋಡು, ಮಿಷಿನ್ನಿಗೆ ಮಾತಾಡಲ್ಲ ಅಂತಿದ್ದ. ನಂಗೆ ಸಿಗ್ತಿರೋದು ಇಷ್ಟೇ. ಎಲೆಕ್ಷನ್ ಮುಗಿದ್ರೆ ಇದೂ ಇಲ್ಲ."

"ಅದು ಸುಳ್ಳು, ರೊಸಾಲಿ."

"ನಂಗೊತ್ತಿಲ್ವಾ? ನಿನಗೂ ಗೊತ್ತಿತ್ತು. ಪಕ್ಕದಲ್ಲೇ ಕೂತಿದ್ದೆ ನೀನು."

ಕೊರಿನ್ ತಲೆ ತಗ್ಗಿಸಿದಳು.

"ಆಮೇಲೆ ಏನಂದ?" ರೊಸಾಲಿ ಕೇಳಿದಳು. "ಆವತ್ತು ನಂಗೆ ಜ್ವರ, ಬಂದಿರಲಿಲ್ಲ. ಮನೆಗೆ ಬಂದು ಕೇಳಿದ್ರೆ 'ಏನೋ ಒದರಿದೆ' ಅಂದ, ಅಷ್ಟೇ."

"'ಆಸ್ಪತ್ರೆ ಮುಚ್ಚೋದೇ ಸರಿ' ಅಂತಿರೋ ಈ ದೊಡ್ಡ ಮನುಷ್ಯರು, ಒಂದ್ಸಲ ನಮ್ಮೂರಿಗೆ ಬಂದು ಎದೆನೋವು ತರಿಸ್ಕೊಂಡು ನೋಡ್ಲಿ. ಹಾಗಂದ."

ರೊಸಾಲಿ ನಕ್ಕಳು. ನಗು ನಡುವೆಯೇ ಮುರಿದು, ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ, "ಇನ್ನೊಂದ್ಸಲ ಹೇಳು. ಅವನ ಥರಾನೇ ಹೇಳು," ಅಂದಳು.

ಕೊರಿನ್ ಗಂಟಲನ್ನು ಒರಟು ಮಾಡಿಕೊಂಡು ಹೇಳಿದಳು. ಅವಳ ಬಾಯಿಂದ ಬಂದದ್ದು ಅವನದೇ ದನಿ.

ಮತಗಟ್ಟೆಯಲ್ಲಿ ಅವಳು ಎಮಿಲ್‌ಗೇ ಓಟು ಹಾಕಿದಳು. ಆದರೂ ಕೂದಲೆಳೆಯ ಅಂತರದಲ್ಲಿ ಗೆದ್ದದ್ದು ಅವಳೇ. ರೇಡಿಯೊದಲ್ಲಿ ಮಾರನೆಯ ದಿನದಿಂದ ಹಾಸಿಗೆ, ಕಾರುಗಳ ಜಾಹೀರಾತು ಬರತೊಡಗಿದವು.

ಬೇಸಿಗೆಯಲ್ಲಿ ಅಗ್ನಿಶಾಮಕ ದಳದವರ ಪಿಕ್ನಿಕ್ಕಿನಲ್ಲಿ ಸ್ಟೀವ್ ಕೊವಾಲ್ ಊಟದ ತಟ್ಟೆ ಹಿಡಿದು ಅವಳ ಹತ್ತಿರ ಬಂದ. ಅವನು ಎಮಿಲ್‌ನ ಜೊತೆ ಕಾರ್ಖಾನೆಯಲ್ಲಿ ದುಡಿದವನು, ಅವನ ಶವಪೆಟ್ಟಿಗೆ ಹೊತ್ತವರಲ್ಲಿ ಒಬ್ಬ.

"ನೀನು ಗೆದ್ದಿದ್ದು ಒಳ್ಳೇದಾಯ್ತು ಕೊರಿನ್. ಎಮಿಲ್ ಹಾಗೆ ಮಾಡ್ತಾನೆ ಅಂತ ನಾನು ಅಂದ್ಕೊಂಡಿರ್ಲಿಲ್ಲ. ನಮ್ಮ ಆಸ್ಪತ್ರೇನೇ ಮುಚ್ಚಿಸ್ಬಿಟ್ನಲ್ಲ."

"ಅವನಲ್ಲ ಸ್ಟೀವ್ ಮುಚ್ಚಿಸಿದ್ದು. ಬೇಡ ಅಂತ ಜಗಳ ಆಡಿದವನು ಅವನೊಬ್ಬನೇ. ನಾನಿದ್ದೆ ಅಲ್ಲಿ."

"ಅವನ ಬಾಯಿಂದಲೇ ಕೇಳಿದೀನಲ್ಲ."

ಅವಳು ಪೂರ್ತಿ ಮಾತು ಹೇಳಿದಳು. ಸ್ಟೀವ್ ತಾಳ್ಮೆಯಿಂದ ಕೇಳಿಸಿಕೊಂಡ. ಆಮೇಲೆ ಅವಳ ಭುಜ ತಟ್ಟಿದ.

"ದೊಡ್ಡ ಮನಸ್ಸು ನಿಂದು. ಸತ್ತವರ ಬಗ್ಗೆ ಕೆಟ್ಟದ್ದು ಆಡಲ್ಲ ನೀನು. ಅದಕ್ಕೇ ಓಟು ಹಾಕಿದ್ದು ನಿನಗೆ."

ಅವನು ತನ್ನ ಗೆಳೆಯರ ಮೇಜಿನತ್ತ ನಡೆದ. ಅಲ್ಲಿ ಎಲ್ಲರೂ ಕಾರ್ಖಾನೆಯವರೇ. ಕೊರಿನ್ ಖಾಲಿ ಕುರ್ಚಿಯೊಂದನ್ನು ಎತ್ತಿಕೊಂಡು ಹೋಗಿ ಅವರ ನಡುವೆ ಹಾಕಿ ಕೂತು, ಮತ್ತೆ ಮೊದಲಿನಿಂದ ಹೇಳತೊಡಗಿದಳು.