ಇವತ್ತು ಇಲ್ಲಿ ಬೇಡ

ಕಣ್ಣಿಗೆ ಪೊರೆ ಬಂದಿದ್ದ ಅಕ್ಕನನ್ನು ಆಪರೇಷನ್ನಿಗೆ ಕರೆದೊಯ್ಯುತ್ತಿದ್ದ ತಂಗಿಗೆ ಹಳೆಯ ಡೀಸೆಲ್ ಕಾರಿನದೇ ಚಿಂತೆ. ಹೋದ ವಾರ ಯಾವುದೋ ಬಂಕಿನಲ್ಲಿ ಡೀಸೆಲ್ ತುಂಬಿಸಿದ್ದಕ್ಕೆ ಫಿಲ್ಟರಿನಲ್ಲಿ ಕಸ ಕಟ್ಟಿಕೊಂಡು, ಅದು ನಡುರಸ್ತೆಯಲ್ಲೇ ಮೊಂಡು ಹಿಡಿದಿತ್ತು.

"ಇವತ್ತೂ ನಿಂತ್ರೆ ನೀನೇ ತಳ್ಳು. ನಾನು ಕುರುಡಿ," ಎಂದು ಅಕ್ಕ ನಕ್ಕಳು.

ದೊಡ್ಡ ರಸ್ತೆಯ ಬಂಕಿನಲ್ಲಿ ಟ್ಯಾಂಕರೊಂದು ನೆಲದಡಿಯ ತೊಟ್ಟಿಗೆ ಡೀಸೆಲ್ ಇಳಿಸುತ್ತಿತ್ತು. ಗಾಡಿಗಳಿಗೆ ಡೀಸೆಲ್ ಹಾಕುವ ಪೈಪು ಹಿಡಿದಿದ್ದ ಹೆಂಗಸು ಕಾರಿನ ಕಿಟಕಿಗೆ ಬಗ್ಗಿ, ಅಕ್ಕನ ಮಡಿಲಲ್ಲಿದ್ದ ಬಟ್ಟೆಯ ಚೀಲ, ಫ್ಲಾಸ್ಕು ನೋಡಿದಳು.

"ಆಸ್ಪತ್ರೆಗಾ ಅಮ್ಮಾ? ಹಾಗಾದ್ರೆ ಇವತ್ತು ಇಲ್ಲಿ ಬೇಡ. ಲೋಡು ಇಳೀತಿದೆ, ತಳದ ಕಸ ಮೇಲೆದ್ದಿರತ್ತೆ. ಎದುರು ಬಂಕಿಗೆ ಹೋಗಿ. ಅಲ್ಲಿ ನಿನ್ನೆ ಇಳಿದದ್ದು, ತಿಳಿಯಾಗಿರತ್ತೆ."

"ನಿಮ್ಮ ಸಾಹುಕಾರ್ರು ಕೇಳಿಸ್ಕೊಂಡ್ರೆ?" ಎಂದಳು ತಂಗಿ.

"ಬೈತಾರೆ. ಬೈಗುಳ ಏನು ಮೈಗೆ ಅಂಟತ್ತಾ? ಹೊರಡಿ, ಹೊತ್ತಾಗತ್ತೆ."

ಎದುರು ಬಂಕಿನಲ್ಲಿ ತುಂಬಿಸಿಕೊಂಡ ಕಾರು ಒಮ್ಮೆಯೂ ಕೆಮ್ಮದೆ ಆಸ್ಪತ್ರೆ ಮುಟ್ಟಿತು.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅಕ್ಕ ಕೇಳಿದಳು, "ಈಗ ಡೀಸೆಲ್ ಎಲ್ಲಿ ಹಾಕಿಸ್ತೀಯೆ?"

"ಬೇಡ ಅಂದವಳ ಹತ್ರಾನೇ. ಇನ್ನು ಬೇರೆ ಬಂಕು ಹುಡುಕಲ್ಲ."

ಆ ಹೆಂಗಸು ಪೈಪು ಹಿಡಿದು ಬಂದಾಗ ಅಕ್ಕ ಕಿಟಕಿಯಿಂದ ಅವಳ ಕೈ ಹಿಡಿದುಕೊಂಡಳು. "ಅವತ್ತು ದನಿ ಮಾತ್ರ ಕೇಳಿತ್ತು ತಾಯಿ. ಮುಖ ನೋಡೋಣ ಅಂತ ಬಂದೆ."