ನೀಲಗಾರಪಾಳ್ಯದ ಮತಪೆಟ್ಟಿಗೆ ನಾನು

ನಾನು ಒಂದು ಮತಪೆಟ್ಟಿಗೆ. ಕಬ್ಬಿಣದ ತಗಡು ಬಡಿದು, ಹಸಿರು ಬಣ್ಣ ಬಳಿದು, ನೆತ್ತಿಯ ಮೇಲೊಂದು ಸೀಳುಬಾಯಿ ಕೊಟ್ಟು ನನ್ನನ್ನು ಮಾಡಿದರು. ಐದು ವರ್ಷಕ್ಕೊಂದು ದಿನ ಊಟ. ಉಳಿದಂತೆ ತಾಲ್ಲೂಕು ಕಚೇರಿಯ ಉಗ್ರಾಣದಲ್ಲಿ ಉಪವಾಸ. ಆದರೂ ನನ್ನ ಜಂಬಕ್ಕೇನೂ ಕಡಿಮೆಯಿಲ್ಲ. ನಾನು ದುಡಿದದ್ದು ನೀಲಗಾರಪಾಳ್ಯ ಕ್ಷೇತ್ರದಲ್ಲಿ, ತಿಳಿಯಿತೇ?

ಪೇಟೆ ಮುಗಿದು ಹೊಲ ಶುರುವಾಗುವ ಅಂಚಿನ ಕ್ಷೇತ್ರ ಅದು. ಸೀರೆಯ ನೂಲಿಗೆ ಬಣ್ಣ ಕಟ್ಟುವವರ ಬೀದಿಗಳೇ ಹೆಚ್ಚು. ನನ್ನನ್ನು ಮೊದಲು ಅಲ್ಲಿನ ಶಾಲೆಗೆ ಹೊತ್ತು ತಂದ ವರ್ಷವೇ ಬೆರಳಿಗೆ ಮಸಿ ಹಚ್ಚುವ ಪದ್ಧತಿಯೂ ಬಂತು. ಮಸಿ ಕಂಡರೆ ಓಟು ಹಾಕಿಯಾಯಿತು ಎಂದು ಲೆಕ್ಕ.

ಗಂಗಹನುಮಕ್ಕ ಎಂಬ ಹೊಸ ಸೊಸೆ ಬಣ್ಣದ ತೊಟ್ಟಿಯಿಂದ ನೆಟ್ಟಗೆ ಬಂದು ಸಾಲಿನಲ್ಲಿ ನಿಂತಳು. ಎರಡೂ ಕೈ ಮೊಣಕೈವರೆಗೆ ಕಡುನೀಲಿ. ಮತಗಟ್ಟೆಯ ಅಧಿಕಾರಿ ಬೇರೆ ಊರಿನ ಮೇಷ್ಟರು. ಕನ್ನಡಕ ಏರಿಸಿ ನೋಡಿದರು.

"ಏನಮ್ಮಾ, ಆಗಲೇ ಹಾಕಿ ಬಂದಿದ್ದೀಯಲ್ಲ?"

"ಅಯ್ಯೋ ಸ್ವಾಮಿ, ಇದು ಸೀರೆ ಬಣ್ಣ ಕಣ್ರೀ!"

"ಯಾವ ಬಣ್ಣ ಅಂತ ನಾನು ಹೇಗೆ ಹೇಳಲಿ? ನಡಿ, ನಡಿ."

ಅವಳ ಹಿಂದೆ ನಿಂತಿದ್ದ ನಲವತ್ತು ಹೆಂಗಸರಿಗೂ ಅದೇ ಮಾತು. ಬಾಗಿಲಲ್ಲಿ ನಿಂತು ಅವಳು ಒಂದೇ ಕೇಳಿದಳು: "ಗೇಯೋ ಕೈಗೆ ಓಟಿಲ್ಲ ಅಂದ್ರೆ ಇದ್ಯಾವ ನ್ಯಾಯ ಸ್ವಾಮಿ?" ನನಗೆ ಬಾಯಿ ಇತ್ತು, ನಾಲಿಗೆ ಇರಲಿಲ್ಲ. ಆ ದಿನ ನನ್ನ ಹೊಟ್ಟೆ ಅರ್ಧವೂ ತುಂಬಲಿಲ್ಲ.

ಮುಂದಿನ ಚುನಾವಣೆಗೆ ಹದಿನೈದು ದಿನವಿರುವಾಗಲೇ ಗಂಗಹನುಮಕ್ಕ ತನ್ನ ತೊಟ್ಟಿಗೆ ಹಲಗೆ ಮುಚ್ಚಿದಳು. ಸೀರೆ ಸಾಹುಕಾರ ಕೂಗಾಡಿದ. "ಕೂಗಾಡ್ಲಿ ಬಿಡು, ಗಂಟಲು ಅವನ್ದೇ" ಎಂದಳಂತೆ. ಬೀದಿಯ ತೊಟ್ಟಿಗಳೆಲ್ಲ ಮುಚ್ಚಿದವು. ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ಉಜ್ಜಿ ಉಜ್ಜಿ ಹೆಂಗಸರ ಕೈ ಸುಲಿದುಹೋದವು.

ಮತಗಟ್ಟೆಯಲ್ಲಿ ಅದೇ ಮೇಷ್ಟರು. ಅವಳು ಕೈ ಚಾಚಿದಳು. ಅಂಗೈ ಕೆಂಪಗೆ ಬೆಂದಂತಿತ್ತು, ಆದರೆ ಒಂದು ಉಗುರಿನ ಸಂದಿಯಲ್ಲಿ ನೀಲಿ ಗೆರೆ ಉಳಿದಿತ್ತು. ಅಯ್ಯೋ ದೇವರೇ, ಮತ್ತೆ ಕಳಿಸಿಬಿಡುತ್ತಾರಲ್ಲ ಎಂದುಕೊಂಡೆ. ಮೇಷ್ಟರು ಆ ಗೆರೆಯನ್ನು ನೋಡಿದರು, ಸುಲಿದ ಚರ್ಮವನ್ನೂ ನೋಡಿದರು.

"ತಪ್ಪಾಯ್ತು ತಾಯಿ" ಎಂದು ಮಸಿ ಹಚ್ಚಿದರು.

ಅವಳ ಓಟು ನನ್ನೊಳಗೆ ಬಿದ್ದಾಗ ಆದ ಸಂತೋಷ ಇನ್ನೂ ನೆನಪಿದೆ.

ಅಲ್ಲಿಂದ ಅದೇ ರೂಢಿಯಾಯಿತು. ತೊಟ್ಟಿ ಮುಚ್ಚಿದರೆ ಎಲೆಕ್ಷನ್ ಬಂತು ಎನ್ನುವರು. ಕೈ ಖಾಲಿಯಿದ್ದ ಆ ಹದಿನೈದು ದಿನ ಬೀದಿಯವರು ಜಗಲಿಯಲ್ಲಿ ಕೂತು ಅಭ್ಯರ್ಥಿಗಳ ಬೆವರಿಳಿಸುತ್ತಿದ್ದರು. ನಲ್ಲಿ ತರದ ವಕೀಲರನ್ನು ಸೋಲಿಸಿದರು. ನಲ್ಲಿ ತಂದು ನೀರು ಮರೆತ ಗಿರಣಿ ಮುಖಂಡನನ್ನೂ ಸೋಲಿಸಿದರು. ನೀರು ಬಿಟ್ಟ ದಾಯಮ್ಮನನ್ನು ಮೂರು ಸಲ ಗೆಲ್ಲಿಸಿದರು. ಇಂಥ ಕ್ಷೇತ್ರ ಇನ್ನೆಲ್ಲಿದ್ದೀತು!

ಆಮೇಲೆ ಓಟಿನ ಯಂತ್ರ ಬಂತು. ನನ್ನನ್ನು ಅದೇ ಶಾಲೆಯ ಮೂಲೆಗೆ ಸೀಮೆಸುಣ್ಣ ತುಂಬಲು ಕೊಟ್ಟರು. ಬಣ್ಣದ ತೊಟ್ಟಿಗಳೂ ಒಂದೊಂದಾಗಿ ಶಾಶ್ವತವಾಗಿ ಮುಚ್ಚಿದವು.

ಹೋದ ಚುನಾವಣೆಯಲ್ಲಿ ಮೊಮ್ಮಗಳ ಭುಜ ಹಿಡಿದು ಗಂಗಹನುಮಕ್ಕ ಬಂದಳು. ಎಂಬತ್ತು ದಾಟಿದೆ. ಓಟು ಹಾಕಿ, ನನ್ನ ಗುರುತು ಹಿಡಿದು, ತುಕ್ಕುಹಿಡಿದ ನೆತ್ತಿ ಸವರಿದಳು. ಅವಳ ಕೈ ಬೆಳ್ಳಗಿತ್ತು. ಮಸಿಯ ಬೆರಳನ್ನು ನನ್ನ ಮುಂದೆ ಹಿಡಿದು ಹೇಳಿದಳು:

"ನೋಡ್ಲಾ, ಈ ಕೈಯಾಗೆ ಈಗ ಉಳ್ದಿರೋ ಬಣ್ಣ ಇದೊಂದೇಯಾ."