ಮೂರನೆಯ ಕೊಳವೆಯ ಬೆಸುಗೆ

ತೂತು ಕಂಡದ್ದು ಶುಕ್ರವಾರ ಮಧ್ಯಾಹ್ನ. ಸಾಸಿವೆ ಕಾಳಿನಷ್ಟೂ ಇರಲಿಲ್ಲ. ಗ್ರೈಂಡರ್ ಆರಿಸಿ, ಕನ್ನಡಕ ಹಣೆಗೇರಿಸಿ, ಅಲ್ಯೂಮಿನಿಯಂ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದ ಪುಟ್ಟಿಗೆ ಎದೆ ಧಸಕ್ಕೆಂದಿತು. ಮೂರನೆಯ ಕೊಳವೆ ಪೆಟ್ಟಿಗೆಗೆ ಕೂಡುವ ಮೂಲೆಯಲ್ಲಿ, ಮಾವ ಎರಡು ದಿನ ಬೆನ್ನು ಬಗ್ಗಿಸಿ ಹಾಕಿದ ಬೆಸುಗೆಯ ನಡುವೆ, ಆಚೆಯ ಬೆಳಕು ಇಣುಕುತ್ತಿತ್ತು.

ಪುಟ್ಟಿ ಅಂದರೆ ಚಿಕ್ಕ ಹುಡುಗಿಯಲ್ಲ. ಮೂವತ್ತೆಂಟು ವರ್ಷದ, ದಪ್ಪ ಮೀಸೆಯ ಗಂಡಸು. ಗುದ್ದಿಸಿಕೊಂಡು ಬಂದ ಕಾರುಗಳ ತಗ್ಗುಗಳಿಗೆ ಪುಟ್ಟಿ ಎನ್ನುವ ಮೆತ್ತೆ ತುಂಬಿ, ಉಜ್ಜಿ, ಬಣ್ಣ ಹೊಡೆಯುವುದು ಅವನ ಕಸುಬು. ಮದುವೆಯಾದ ಹೊಸತರಲ್ಲಿ ಮಾವ ಇಟ್ಟ ಅಡ್ಡಹೆಸರು ಹನ್ನೊಂದು ವರ್ಷವಾದರೂ ಕಳಚಿಕೊಂಡಿರಲಿಲ್ಲ. ಮಾವನಿಗೂ ಒಂದು ಅಡ್ಡಹೆಸರಿತ್ತು, ಜಡೆ ಮೇಸ್ತ್ರಿ. ತಲೆಯ ಮೇಲೆ ಹುಡುಕಿದರೂ ಒಂದು ಕೂದಲು ಸಿಗದ ಆ ಮನುಷ್ಯ ಬೆಸುಗೆ ಹಾಕಿದರೆ ಹೆಣೆದ ಜಡೆಯ ಹಾಗೆ ಒಂದೇ ಅಳತೆಯ ಮಡಿಕೆಗಳು ಸಾಲಾಗಿ ಏಳುತ್ತಿದ್ದವು. ಹಾಲಿನ ಟ್ಯಾಂಕು ಮಾಡುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅದನ್ನೇ ಮಾಡಿ ನಿವೃತ್ತನಾದವನು. "ನನ್ನ ಕೆಲಸ ಕೂಡ್ಸೋದು, ನಿನ್ನ ಕೆಲಸ ಮುಚ್ಚೋದು" ಎಂದು ಊಟಕ್ಕೆ ಕೂತಾಗಲೂ ಅಳಿಯನ ಕಾಲೆಳೆಯುತ್ತಿದ್ದ. ಪುಟ್ಟಿ ನಗುತ್ತಿದ್ದ. ನಕ್ಕಷ್ಟು ಸಲವೂ ಒಳಗೆ ಚುಚ್ಚುತ್ತಿತ್ತು ಎನ್ನುವುದನ್ನು ನಾವಾದರೂ ಹೇಳಿಬಿಡೋಣ.

ಆ ಕೊಳವೆಗಳ ಮ್ಯಾನಿಫೋಲ್ಡ್ ಬೇಕಾಗಿದ್ದದ್ದು ಮೇಸ್ತ್ರಿಯ ಮಗಳಿಗೆ, ಎಂದರೆ ಪುಟ್ಟಿಯ ಹೆಂಡತಿಗೆ. ವಾರವೆಲ್ಲ ಆಂಬುಲೆನ್ಸ್ ಓಡಿಸಿ, ರಜೆಯ ದಿನ ಗುಡ್ಡದ ರಸ್ತೆಯ ರೇಸಿಗೆ ಹೋಗುವವಳು. ತನ್ನ ಹಳೆಯ ಪುಟ್ಟ ಕಾರಿಗೆ ಟರ್ಬೊ ಹಾಕಿಸಿದ್ದಳು. ಟರ್ಬೊ ಅಂದರೆ ಎಂಜಿನ್ನಿನ ಹೊಗೆಯ ರಭಸದಿಂದಲೇ ತಿರುಗಿ, ಅದೇ ಎಂಜಿನ್ನಿನ ಬಾಯಿಗೆ ಗಾಳಿಯನ್ನು ಒತ್ತಿ ತುರುಕುವ ಯಂತ್ರ. ಆ ಗಾಳಿಯನ್ನು ನಾಲ್ಕು ಸಿಲಿಂಡರಿಗೂ ಸಮನಾಗಿ ಹಂಚುವುದು ಇನ್‌ಟೇಕ್ ಮ್ಯಾನಿಫೋಲ್ಡ್. ಕಾರಿನ ಜೊತೆ ಬಂದದ್ದು ಪ್ಲಾಸ್ಟಿಕ್ಕಿನದು. ಅಷ್ಟು ಒತ್ತಡ ತಡೆಯಲಾರದೆ ಹೋದ ತಿಂಗಳು ಬಿರುಕು ಬಿಟ್ಟಿತು. ಹೊಸದನ್ನು ಮನೆಯ ಹಿಂದಿನ ಶೆಡ್ಡಿನಲ್ಲೇ ಮಾಡುತ್ತೇನೆಂದು ಮಾವ ಹಟ ಹಿಡಿದ. ದಪ್ಪ ತಟ್ಟೆ ಕೊಯ್ದು ನಾಲ್ಕು ಬಾಯಿ ಕೊರೆದ. ನಾಲ್ಕು ಕೊಳವೆ ನಿಲ್ಲಿಸಿ, ಅವುಗಳ ನೆತ್ತಿಗೆ ಚಪ್ಪಲಿ ಡಬ್ಬದಷ್ಟು ದೊಡ್ಡ ಗಾಳಿ ಪೆಟ್ಟಿಗೆ ಕೂರಿಸಿದ. ಕಾವಿಗೆ ತಟ್ಟೆ ಸೊಟ್ಟಗಾಗದಿರಲೆಂದು ಅದನ್ನು ಉಕ್ಕಿನ ಹಲಗೆಗೆ ಬೋಲ್ಟ್ ಹಾಕಿ ಬಿಗಿದು, ಒಂದು ಕೊಳವೆಗೆ ಬೆರಳುದ್ದ ಬೆಸುಗೆ ಹಾಕಿ, ತಣಿಯಲು ಬಿಟ್ಟು, ಇನ್ನೊಂದಕ್ಕೆ ಹೋದ. ಮೂರು ವಾರ ಹಿಡಿಯಿತು. ಆ ಮೂರು ವಾರ ಮನೆಯಲ್ಲಿ ಯಾರೂ ಅವನ ಜೊತೆ ಬೇರೆ ಮಾತಾಡುವ ಹಾಗಿರಲಿಲ್ಲ.

ಕೂರಿಸಿ ನೋಡಿದರೆ ಪೆಟ್ಟಿಗೆಯ ಒಂದು ಮೂಲೆ ಬಾನೆಟ್ಟಿಗೆ ತಾಗುತ್ತಿತ್ತು. ಮಾವ ಸೀಮೆಸುಣ್ಣದಲ್ಲಿ ಗೆರೆ ಎಳೆದ. "ಇಷ್ಟು ಮಾತ್ರ ತೆಗಿ. ಜಡೆ ಮುಟ್ಬೇಡ. ಆಮೇಲೆ ಬಣ್ಣ ಹೊಡಿ" ಎಂದು ಹೇಳಿ, ಬೋಲ್ಟು ತರಲು ಅಂಗಡಿಗೆ ಹೋದ.

ಪುಟ್ಟಿ ಗೆರೆಯವರೆಗೆ ತೆಗೆದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಉಜ್ಜಿದ ಜಾಗ ನುಣ್ಣಗಾದ ಮೇಲೆ ಪಕ್ಕದ ಮಡಿಕೆಗಳು ಒರಟೊರಟಾಗಿ ಕಂಡವು. ಇಪ್ಪತ್ತು ವರ್ಷ ಉಬ್ಬು ಕಂಡಲ್ಲೆಲ್ಲ ಉಜ್ಜಿದ ಕೈ ಅದು, ಸುಮ್ಮನಿರಲಿಲ್ಲ. ಎರಕ ಹೊಯ್ದು ತೆಗೆದ ಹಾಗೆ ಕಾಣಲಿ, ಮಾವ ಒಮ್ಮೆಯಾದರೂ ಭೇಷ್ ಅನ್ನಲಿ ಎನ್ನುವ ಆಸೆಯೂ ಇತ್ತು. ಆ ಉಬ್ಬು ಇದ್ದದ್ದು ಅಂದಕ್ಕಲ್ಲ, ಬಲಕ್ಕೆ ಎಂಬುದು ಗೊತ್ತಿರಲಿಲ್ಲವೆಂದು ಅವನ ಪರವಾಗಿ ಯಾರೂ ಹೇಳುವ ಹಾಗಿಲ್ಲ. ಗೊತ್ತಿತ್ತು.

ತೂತು ಬಿದ್ದಾಗ ಮಾವ ಬರಲು ಇನ್ನೂ ಒಂದು ಗಂಟೆಯಿತ್ತು. ಬಂದ ಮೇಲೆ ಹೇಳಿದ್ದರೆ ಅರ್ಧ ದಿನದ ಕೆಲಸ, ಹೊಟ್ಟೆ ತುಂಬ ಬೈಗುಳ, ಅಲ್ಲಿಗೆ ಮುಗಿಯುತ್ತಿತ್ತು. ಪುಟ್ಟಿ ತನ್ನ ಕಪಾಟು ತೆರೆದ. ಲೋಹದ ಪುಡಿ ಬೆರೆತ ಪುಟ್ಟಿಯನ್ನು ಕಲಸಿ ತೂತಿಗೆ ಒತ್ತಿದ. ದೀಪದ ಕೆಳಗೆ ಒಣಗಿಸಿದ, ಉಜ್ಜಿದ, ಮೇಲೆ ಕಪ್ಪು ಬಣ್ಣ ಹೊಡೆದ. ಮುಗಿದ ಮೇಲೆ ಹುಡುಕಿದರೆ ಅವನಿಗೇ ಜಾಗ ಸಿಗಲಿಲ್ಲ. ಅಷ್ಟು ಚೆನ್ನಾಗಿತ್ತು ಕೆಲಸ, ಹಾಳಾಗಿ ಹೋಗಲಿ.

ಸಂಜೆ ಪರೀಕ್ಷೆ. ಬಾಯಿಗಳನ್ನೆಲ್ಲ ರಬ್ಬರ್ ಹಾಕಿ ಮುಚ್ಚಿ, ಕಂಪ್ರೆಸರಿನಿಂದ ಗಾಳಿ ತುಂಬಿ, ಮಾವ ಕುಂಚದಿಂದ ಸಾಬೂನು ನೀರು ಬಳಿದ. ಒಂದೊಂದು ಬೆಸುಗೆಗೂ ಕಣ್ಣಿಟ್ಟು ಕೂತ. ಮೂರನೆಯ ಕೊಳವೆಗೂ ಬಂದ. ಗುಳ್ಳೆ ಏಳಲಿಲ್ಲ.

ಮಾವ ಮೂಲೆಯ ಮೇಲೆ ಬೆರಳಾಡಿಸಿದ. "ಜಡೆ ಉಜ್ಜಿದೀಯಲ್ಲೋ."

"ಮೇಲ್‌ಮೇಲೆ ಅಷ್ಟೆ ಮಾವ."

"ಮೇಲ್‌ಮೇಲೆ ತಾನೆ?"

"ಅಷ್ಟೆ."

ಮಾವ ಮತ್ತೊಮ್ಮೆ ಬೆರಳಾಡಿಸಿದ. ಬೆರಳು ನಿಂತದ್ದು ಸರಿಯಾಗಿ ಆ ಪುಟ್ಟಿಯ ಮೇಲೆ. "ಹೋಗ್ಲಿ ಬಿಡು. ಎರಕದ್ದೇ ಅನ್ನೋ ಹಾಗಿದೆ. ನಿನ್ನ ಕೈಯಲ್ಲೂ ಕೆಲಸ ಇದೆ ಕಣಯ್ಯ."

ಹನ್ನೊಂದು ವರ್ಷದಲ್ಲಿ ಕೇಳಿದ ಮೊದಲ ಒಳ್ಳೆಯ ಮಾತು ಅದು. ತೂತಿನ ವಿಷಯ ಹೇಳಿದರೆ ಆ ಮಾತು ವಾಪಸು ಹೋಗುತ್ತದೆ. ಹೇಳದಿದ್ದರೆ ಏನಾಗಬಹುದೆಂದು ಅವನು ಲೆಕ್ಕ ಹಾಕಿಯೂ ನೋಡಿದ. ತಣ್ಣಗಿದ್ದಾಗ ಪುಟ್ಟಿ ಹಿಡಿಯುತ್ತದೆ. ಆದರೆ ಕೆಳಗೆ ಟರ್ಬೊ ಕೆಂಪಗೆ ಕಾಯುತ್ತದೆ, ಒಳಗೆ ಗಾಳಿ ಒತ್ತುತ್ತದೆ, ಉಜ್ಜಿ ತೆಳ್ಳಗಾದ ಬೆಸುಗೆ ಸೀಳಿದರೆ ಒಂದು ಗೇಣು ಆಚೆಗೇ ಪೆಟ್ರೋಲ್ ಪೈಪು. ಬಹುಶಃ ಏನೂ ಆಗಲಾರದು ಎಂದುಕೊಂಡ. ಬಹುಶಃ ಎಂಬ ಆ ಒಂದು ಮಾತಿನ ಮೇಲೆ ಹೆಂಡತಿಯನ್ನೂ ಮಾವನನ್ನೂ ಕೂರಿಸಲು ಅವನು ಒಪ್ಪಿಕೊಂಡುಬಿಟ್ಟ. ಶನಿವಾರವೆಲ್ಲ ಮ್ಯಾನಿಫೋಲ್ಡನ್ನು ಕಾರಿಗೆ ಕೂರಿಸುವುದರಲ್ಲಿ ಕಳೆಯಿತು.

ಭಾನುವಾರ ಬೆಳಿಗ್ಗೆ ಮೂವರೂ ಬಾಗಿಲು ಹಾಕಿದ ಕಾರ್ಖಾನೆಯೊಂದರ ಹಿಂದಿನ ರಸ್ತೆಗೆ ಹೋದರು. ಒಂದೂವರೆ ಕಿಲೋಮೀಟರು ನೇರ ರಸ್ತೆ, ಎಡಕ್ಕೆ ಉದ್ದ ಗೋಡೆ, ಬಲಕ್ಕೆ ಬರಿದಾದ ಲಾರಿ ನಿಲ್ದಾಣ. ಪುಟ್ಟಿ ತನ್ನ ವ್ಯಾನನ್ನು ರಸ್ತೆಯ ತುದಿಯಲ್ಲಿ ನಿಲ್ಲಿಸಿದ. ಬೆಂಕಿ ಆರಿಸುವ ಸಿಲಿಂಡರನ್ನು ಇಳಿಸಿ ಕಾಲ ಬಳಿ ಇಟ್ಟುಕೊಂಡ.

ಮಾವ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡ. ಕಾರ್ಖಾನೆಯಲ್ಲಿ ಟ್ಯಾಂಕಿಗೆ ಮೊದಲ ಸಲ ಒತ್ತಡ ಕೊಡುವಾಗ ಬೆಸುಗೆ ಹಾಕಿದವನೇ ಪಕ್ಕದಲ್ಲಿ ನಿಲ್ಲಬೇಕು ಎಂದು ಕಟ್ಟಳೆ ಮಾಡಿದವನು ಅವನು. ಕಾರಿಗೂ ಅದೇ ಕಟ್ಟಳೆ.

ಮೊದಲ ಓಟ ಮೆಲ್ಲಗೆ ಆಯಿತು. ವಾಪಸು ಬಂದು ಬಾನೆಟ್ ಎತ್ತಿದಾಗ ಪುಟ್ಟಿಯ ಕಣ್ಣು ನೆಟ್ಟಗೆ ಆ ಮೂಲೆಗೇ ಹೋಯಿತು. ಬಣ್ಣ ಅಲ್ಲಿ ಮಾತ್ರ ಚೂರು ಉಬ್ಬಿತ್ತು. ಉಗುರಿನಷ್ಟು ಜಾಗ. ಬೇರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ.

"ಇವತ್ತಿಗೆ ಸಾಕು" ಎಂದ.

"ಏನ್ ಸಾಕು? ಇನ್ನೂ ಅರ್ಧನೂ ಒತ್ತಿಲ್ಲ" ಎಂದಳು ಹೆಂಡತಿ. ಅವಳ ಮುಖದಲ್ಲಿ ಸಂತೋಷ ತುಂಬಿ ಚೆಲ್ಲುತ್ತಿತ್ತು. "ಅಪ್ಪಾ, ನೋಡು ನಿನ್ನ ಅಳಿಯನ್ನ. ಕಾರಲ್ಲಿ ಕೂತಿರೋದು ನಾವು, ಬೆವರ್ತಿರೋದು ಅವನು."

"ಈ ಸಲ ನಾನು ಕೂತ್ಕೋತೀನಿ ಮಾವ. ನೀವು ಇಳೀರಿ."

"ಬೆಸುಗೆ ನಂದು, ಸೀಟೂ ನಂದು" ಎಂದು ಮಾವ ಬಾಗಿಲು ಎಳೆದುಕೊಂಡ. "ಫೋನ್ ಹಚ್ಚಿಟ್ಟಿರ್ತೀನಿ. ಒತ್ತಡದ ಮುಳ್ಳು ಎಲ್ಲಿದೆ ಅಂತ ಹೇಳ್ತಾ ಹೋಗ್ತೀನಿ, ಬರ್ಕೋ."

ಬೆಸುಗೆ ನಿಮ್ಮದಲ್ಲ, ಆ ಮೂಲೆಯಲ್ಲಿ ಈಗ ಇರುವುದು ನನ್ನದು. ಇಷ್ಟು ಹೇಳಬೇಕಿತ್ತು. ಕಾರು ಹೊರಟಿತು.

ಪುಟ್ಟಿ ಚೀಟಿಯನ್ನು ವ್ಯಾನಿನ ಮೇಲಿಟ್ಟು, ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ಫೋನು ಹಿಡಿದು ನಿಂತ. ಎಂಜಿನ್ನಿನ ಮೊರೆತದ ನಡುವೆ ಮಾವನ ದನಿ ಬಂತು. "ಕಾಲು." ಪುಟ್ಟಿ ಬರೆದ. "ಅರ್ಧ." ಅದನ್ನೂ ಬರೆದ. ದೂರದಲ್ಲಿ ಕಾರು ಚಿಕ್ಕದಾಗುತ್ತಿತ್ತು, ಸದ್ದು ಮಾತ್ರ ಹಿಗ್ಗುತ್ತಿತ್ತು. "ಮುಕ್ಕಾಲು. ಚೆನ್ನಾಗಿದೆ ಕಣೋ, ಗಟ್ಟಿಯಾಗಿದೆ." ಆ ಗಟ್ಟಿ ಎಂಬ ಮಾತು ಕೇಳಿ ಪುಟ್ಟಿ ಪೆನ್ನು ಕೆಳಗಿಟ್ಟ.

"ನಿಲ್ಸಿ" ಎಂದ. ಮತ್ತೆ ಹೇಳಿದ, "ನಿಲ್ಸಿ ಮಾವ, ನಿಲ್ಸಿ."

"ಒಂದು" ಎಂದಿತು ಫೋನು.

ಸಿಡಿದ ಸದ್ದು ಎರಡು ಸಲ ಕೇಳಿತು. ಮೊದಲು ಫೋನಿನಲ್ಲಿ, ಆಮೇಲೆ ರಸ್ತೆಯ ಮೇಲಿಂದ.

ಪುಟ್ಟಿ ಸಿಲಿಂಡರ್ ಎತ್ತಿಕೊಂಡು ಓಡಿದ. ವ್ಯಾನಿನಲ್ಲಿ ಹೋಗಬಹುದಿತ್ತೆಂಬುದು ಅರ್ಧ ದಾರಿಗೆ ಬಂದ ಮೇಲೆ ನೆನಪಾಯಿತು. ಗೋಡೆಯ ಪಕ್ಕ ಕಾರು ಓರೆಯಾಗಿ ನಿಂತಿತ್ತು, ಬಾನೆಟ್ಟಿನ ಸಂದಿಯಿಂದ ಬಿಳಿಯ ಹಬೆ ಏಳುತ್ತಿತ್ತು. ಬೆಂಕಿ ಇರಲಿಲ್ಲ. ಹೆಂಡತಿ ಇಳಿದು ನಿಂತಿದ್ದಳು. ಮಾವನೂ ಇಳಿದಿದ್ದ. ಇಬ್ಬರ ಕೈಕಾಲೂ ಇದ್ದವು. ಪುಟ್ಟಿ ಬಾನೆಟ್ ಎತ್ತಿ ಸಿಲಿಂಡರಿನ ಬಿಳಿಪುಡಿಯನ್ನೆಲ್ಲ ಖಾಲಿ ಮಾಡಿದ, ಖಾಲಿಯಾದ ಮೇಲೂ ಒತ್ತುತ್ತಲೇ ಇದ್ದ.

ಮೂರನೆಯ ಕೊಳವೆಯ ಮೂಲೆ ಬೆರಳುದ್ದ ಸೀಳಿತ್ತು. ಸೀಳಿದ ಅಂಚು ಮೇಲೆದ್ದು ಪೆಟ್ರೋಲ್ ಪೈಪನ್ನು ಗೀರಿತ್ತು, ಅಲ್ಲಿಂದ ಹನಿ ಹನಿಯಾಗಿ ಇಳಿದದ್ದು ಟರ್ಬೊದಿಂದ ಎರಡು ಬೆರಳು ಆಚೆ ಬಿದ್ದಿತ್ತು. ಸಿಡಿದ ಕೂಡಲೇ ಮಾವ ಮುಖ್ಯ ಸ್ವಿಚ್ ಆರಿಸದೇ ಇದ್ದಿದ್ದರೆ ಈ ಕಥೆಯನ್ನು ಬೇರೆ ರೀತಿ ಹೇಳಬೇಕಾಗುತ್ತಿತ್ತು.

"ನಾನು ವ್ಯಾನ್ ತರ್ತೀನಿ, ಎಳ್ಕೊಂಡು ಹೋಗೋಣ" ಎಂದು ಹೆಂಡತಿ ಬೀಗದ ಕೈ ಇಸಿದುಕೊಂಡು ನಡೆದಳು. ಆಂಬುಲೆನ್ಸಿನವಳಲ್ಲವೆ, ನಡುಗಿದರೂ ನಡಿಗೆಯಲ್ಲಿ ತೋರಿಸಲಿಲ್ಲ.

ಮಾವ ಎಂಜಿನ್ನಿನ ಮೇಲೆ ಬಗ್ಗಿದ. ಬಿಳಿಪುಡಿಯನ್ನು ಊದಿ, ಸೀಳಿನ ತುದಿಯಲ್ಲಿ ನೇತಾಡುತ್ತಿದ್ದ ಒಂದು ಕಂದು ಚೂರನ್ನು ಕಿತ್ತು, ಬೆರಳ ನಡುವೆ ಹಿಸುಕಿ ನೋಡಿದ. ಮೂಸಿದ. ಜೇಬಿಗೆ ಹಾಕಿಕೊಂಡ.

"ಮಾವ..."

"ಸಿಡಿಯೋಕ್ ಮುಂಚೆ ನಿಲ್ಸಿ ಅಂದೆ" ಎಂದ ಮಾವ, ತಲೆ ಎತ್ತದೆ. "ನನಗೆ ಕೇಳಿಸ್ತು. ಅವಳಿಗೆ ಕೇಳಿಸ್ಲಿಲ್ಲ."

ಪುಟ್ಟಿ ಖಾಲಿ ಸಿಲಿಂಡರನ್ನು ನೆಲಕ್ಕಿಟ್ಟ. ಮಾವ ದನಿ ತಗ್ಗಿಸಿದ.

"ಬಾಯಿ ಮುಚ್ಕೊಂಡಿರು. ಬೆಸುಗೆ ತಪ್ಪಿದ್ರೆ ಅಪ್ಪನ್ನ ಕ್ಷಮಿಸ್ತಾಳೆ. ಗೊತ್ತಿದ್ದೂ ಕಳಿಸ್ದ ಅಂತಾದ್ರೆ ಗಂಡನ್ನ ಕ್ಷಮಿಸೋ ಹಾಗಿಲ್ಲ. ಆಮೇಲೆ ಅವಳು ಬದುಕಬೇಕಾದ್ದು ನಿನ್ನ ಜೊತೆ. ನಿನಗೋಸ್ಕರ ಅಂದ್ಕೋಬೇಡ."

ವ್ಯಾನ್ ಬಂದು ನಿಂತಿತು. ಹೆಂಡತಿ ಹಗ್ಗ ಹಿಡಿದು ಇಳಿದಳು, ಸೀಳನ್ನು ನೋಡಿದಳು. "ಏನಾಯ್ತಪ್ಪಾ?"

"ನನ್ನ ಬೆಸುಗೆ ಬಿಡ್ತಮ್ಮ."

ಅವಳು ಅಪ್ಪನನ್ನು ನೋಡಿದಳು. ಸಿಟ್ಟಿರಲಿಲ್ಲ, ಅದೇ ತೊಂದರೆ. ರೋಗಿಗಳ ಹತ್ತಿರ ಮಾತಾಡುವ ಮೆತ್ತನೆ ದನಿಯಲ್ಲಿ ಹೇಳಿದಳು, "ವಯಸ್ಸಾಯ್ತು ಅಪ್ಪ. ಕೈ ಮೊದ್ಲಿನ ಹಾಗೆ ಇರಲ್ಲ, ಕಣ್ಣೂ ಇರಲ್ಲ. ಇನ್ನು ಸಾಕು ಮಾಡು. ಆ ಬೆಸುಗೆ ಯಂತ್ರನ ಯಾರಿಗಾದ್ರೂ ಕೊಟ್ಬಿಡೋಣ."

ಹಾಲಿನ ಟ್ಯಾಂಕುಗಳಿಂದ ಮೂವತ್ತು ವರ್ಷ ಒಂದು ಹನಿ ಸೋರಲು ಬಿಡದ ಮನುಷ್ಯ ತನ್ನ ಎರಡು ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ.

"ಆಯ್ತಮ್ಮ" ಎಂದ.

ಪುಟ್ಟಿಗೆ ಅದನ್ನು ಕೇಳಿಕೊಂಡು ನಿಲ್ಲಲಾಗಲಿಲ್ಲ. ಅವನು ಧೈರ್ಯ ಮಾಡಿದ ಎಂದರೆ ಸುಳ್ಳಾಗುತ್ತದೆ. ತಡೆದುಕೊಳ್ಳುವುದು ಆಗಲಿಲ್ಲ, ಅಷ್ಟೆ.

"ಬೆಸುಗೆ ಬಿಟ್ಟಿದ್ದಲ್ಲ" ಎಂದ. "ನಾನು ಉಜ್ಜಿ ತೂತು ಮಾಡ್ದೆ. ಪುಟ್ಟಿ ತುಂಬ್ಸಿ ಬಣ್ಣ ಹೊಡ್ದೆ. ಚೂರು ನಿಮ್ಮಪ್ಪನ ಜೇಬಲ್ಲಿದೆ."

ಅವಳು ಮೊದಲು ಅಪ್ಪನ ಕಡೆ ತಿರುಗಿದಳು. ಅವನ ಎರಡೂ ಕೈಗಳನ್ನು ಹಿಡಿದು, ಮೇಲೆ ಕೆಳಗೆ ತಿರುಗಿಸಿ ನೋಡಿದಳು. "ಹಾಗಾದ್ರೆ ನಿನ್ನ ಕೈಗೆ ಏನೂ ಆಗಿಲ್ಲ" ಎಂದಳು, ಕಣ್ಣಲ್ಲಿ ನೀರು ಬಂತು. ಆಮೇಲೆ ಅವಳು ಗಂಡನ ಕಡೆ ತಿರುಗಿದಳು.

"ಯಾವತ್ತಿಂದ ಗೊತ್ತು?"

"ಶುಕ್ರವಾರದಿಂದ."

"ಈಗ ನಾನು ಅಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೊರಟೆನಲ್ಲ, ಆಗ ಗೊತ್ತಿತ್ತು?"

"ಗೊತ್ತಿತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಪುಟ್ಟಿ ಬದುಕಿಕೊಳ್ಳುತ್ತಿದ್ದ. ಹಗ್ಗವನ್ನು ಸುತ್ತಿ ವ್ಯಾನಿಗೆ ಎಸೆದಳು, ಸ್ಪ್ಯಾನರುಗಳ ಪೆಟ್ಟಿಗೆಯನ್ನು ಎಳೆದು ತಂದು ರಸ್ತೆಯ ಮೇಲೆ ಇಟ್ಟು ತೆರೆದಳು, ಮೊಣಕಾಲೂರಿ ಕೂತಳು.

"ಈ ಕಾರಲ್ಲಿ ನೀನು ಮುಟ್ಟಿರೋ ಜಾಗ ಎಲ್ಲ ತೋರ್ಸು" ಎಂದಳು. "ಒಂದೂ ಬಿಡ್ಬೇಡ. ನಾನು ಬಿಚ್ಚಿ ನೋಡ್ಬೇಕು."

ಪುಟ್ಟಿ ಬಾನೆಟ್ಟಿನ ತುದಿಗೆ ಬೆರಳಿಟ್ಟು ಶುರು ಮಾಡಿದ. ಎರಡು ವರ್ಷದ ಹಿಂದೆ ಆ ಕಾರಿಗೆ ಮೂತಿಯಿಂದ ಬಾಲದವರೆಗೂ ಬಣ್ಣ ಹೊಡೆದವನು ಅವನೇ.